ಶಾಲಾ ಜಿಲ್ಲೆಗಳ ವಿಲೀನ: ಅಮೆರಿಕದ ರಾಜ್ಯ ಶಾಸನಗಳ ಒಂದು ಸಮೀಕ್ಷೆ

ಅಮೆರಿಕದಲ್ಲಿ ಮನೆ ಕೊಳ್ಳಲು ಹೊರಟ ಕನ್ನಡ ಕುಟುಂಬಗಳು ಕೋಣೆಗಳ ಸಂಖ್ಯೆಗಿಂತ ಮೊದಲು ವಿಚಾರಿಸುವುದು ಆ ಮನೆ ಯಾವ ಸ್ಕೂಲ್ ಡಿಸ್ಟ್ರಿಕ್ಟಿಗೆ ಸೇರಿದೆ ಎಂಬುದನ್ನು. ಒಂದೇ ರಸ್ತೆಯ ಎಡಬಲಗಳಲ್ಲಿರುವ ಎರಡು ಮನೆಗಳ ಬೆಲೆಯಲ್ಲಿ ಗಣನೀಯ ಅಂತರವಿರುವುದು, ಆ ರಸ್ತೆಯ ನಡುವೆ ಕಣ್ಣಿಗೆ ಕಾಣದ ಗೆರೆಯೊಂದು ಹಾದುಹೋಗಿರುವುದರಿಂದ. ಆ ಗೆರೆಯನ್ನು ಎಳೆದವರಾರು, ಅದನ್ನು ಅಳಿಸುವ ಅಧಿಕಾರ ಯಾರದು, ಅಳಿಸಿದಾಗ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ಪ್ರಶ್ನೆಗಳು ಮಾತ್ರ ನಮ್ಮ ನಡುವೆ ಅಷ್ಟಾಗಿ ಚರ್ಚೆಯಾಗುವುದಿಲ್ಲ. ಕಳೆದ ಒಂದೂವರೆ ಶತಮಾನದಲ್ಲಿ ಅಮೆರಿಕದ ರಾಜ್ಯಗಳು ಶಾಸನಗಳ ಮೂಲಕ ಇಂತಹ ಗೆರೆಗಳನ್ನು ಲಕ್ಷದ ಲೆಕ್ಕದಲ್ಲಿ ಅಳಿಸಿವೆ. ಈ ಕಾರ್ಯ ಇಂದಿಗೂ ಮುಗಿದಿಲ್ಲ. ಆ ಶಾಸನಗಳ ಸ್ವರೂಪ, ಇತಿಹಾಸ ಮತ್ತು ಪರಿಣಾಮಗಳ ಪರಿಚಯವೇ ಈ ಲೇಖನದ ಉದ್ದೇಶ.

ಶಾಲಾ ಜಿಲ್ಲೆ ಎಂದರೇನು?

ಕರ್ನಾಟಕದಲ್ಲಿ ಬೆಳೆದವರಿಗೆ 'ಜಿಲ್ಲೆ' ಎಂಬ ಶಬ್ದ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಅಲ್ಲಿ ಸರ್ಕಾರಿ ಶಾಲೆಗಳು ರಾಜ್ಯದ ಶಿಕ್ಷಣ ಇಲಾಖೆಯ ಅಧೀನದಲ್ಲಿವೆ. ಉಪನಿರ್ದೇಶಕರು, ಕ್ಷೇತ್ರ ಶಿಕ್ಷಣಾಧಿಕಾರಿಗಳು ಆ ಇಲಾಖೆಯ ನೌಕರರು. ಜಿಲ್ಲೆ, ತಾಲ್ಲೂಕುಗಳು ಆಡಳಿತದ ಅನುಕೂಲಕ್ಕಾಗಿ ಮಾಡಿಕೊಂಡ ವಿಭಾಗಗಳು. ಅಮೆರಿಕದ ಶಾಲಾ ಜಿಲ್ಲೆಯಾದರೋ ಬಹುತೇಕ ರಾಜ್ಯಗಳಲ್ಲಿ ಸ್ವತಂತ್ರವಾದ ಒಂದು ಸ್ಥಳೀಯ ಸರ್ಕಾರ. ಅದಕ್ಕೆ ಜನರಿಂದ ಚುನಾಯಿತವಾದ ಮಂಡಳಿಯಿದೆ. ಆಸ್ತಿ ತೆರಿಗೆ ವಿಧಿಸುವ, ಸಾಲಪತ್ರ ಹೊರಡಿಸುವ, ಶಿಕ್ಷಕರನ್ನು ನೇಮಿಸಿಕೊಳ್ಳುವ, ನ್ಯಾಯಾಲಯದಲ್ಲಿ ದಾವೆ ಹೂಡುವ ಅಧಿಕಾರವಿದೆ. ಅನೇಕ ಕಡೆ ಅದರ ಗಡಿ ನಗರದ ಗಡಿಯೊಡನಾಗಲಿ ಕೌಂಟಿಯ ಗಡಿಯೊಡನಾಗಲಿ ಹೊಂದುವುದಿಲ್ಲ.

ಸಾರ್ವಜನಿಕ ಶಾಲೆಗಳ ಒಟ್ಟು ವೆಚ್ಚದಲ್ಲಿ ದೇಶದ ಸರಾಸರಿಯಲ್ಲಿ ಶೇಕಡಾ 45ರ ಆಸುಪಾಸು ಸ್ಥಳೀಯ ಮೂಲಗಳಿಂದ, ಹೆಚ್ಚುಕಡಿಮೆ ಅಷ್ಟೇ ಪಾಲು ರಾಜ್ಯದ ಬೊಕ್ಕಸದಿಂದ, ಉಳಿದ ಹತ್ತರಷ್ಟು ಒಕ್ಕೂಟ ಸರ್ಕಾರದಿಂದ ಬರುತ್ತದೆ. ಸ್ಥಳೀಯ ಪಾಲಿನ ಮುಖ್ಯ ಆಧಾರ ಆಸ್ತಿ ತೆರಿಗೆ. ಆದುದರಿಂದ ಗಡಿಯ ಒಳಗೆ ಎಷ್ಟು ಬೆಲೆಯ ಆಸ್ತಿಯಿದೆ, ಎಷ್ಟು ಮಕ್ಕಳಿದ್ದಾರೆ ಎಂಬ ಎರಡು ಸಂಗತಿಗಳು ಆ ಶಾಲೆಗಳ ಭವಿಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ. ಗಡಿಯನ್ನು ಬದಲಿಸುವುದೆಂದರೆ ಈ ಎರಡೂ ಲೆಕ್ಕಗಳನ್ನು ಬದಲಿಸಿದಂತೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಜಿಲ್ಲೆಗಳ ವಿಲೀನ ಬೇರೆ, ಶಾಲೆಗಳ ವಿಲೀನ ಬೇರೆ. ಎರಡು ಮಂಡಳಿಗಳು ಒಂದಾದರೂ ಎರಡು ಊರುಗಳ ಶಾಲೆಗಳು ಹಾಗೆಯೇ ಉಳಿಯಬಹುದು. ಕರ್ನಾಟಕದಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಿರುವ ಸರ್ಕಾರಿ ಶಾಲೆಗಳ ಬಗೆಗೆ ನಡೆಯುವ ವಾದ ಎರಡನೆಯ ಬಗೆಯದು. ಅಲ್ಲಿ ಚುನಾಯಿತ ಶಾಲಾ ಸರ್ಕಾರವೊಂದು ಇಲ್ಲವಾಗುವ ಪ್ರಶ್ನೆ ಏಳುವುದಿಲ್ಲ. ಆದರೆ ಅನುಭವದಲ್ಲಿ ಮೊದಲನೆಯದು ಎರಡನೆಯದಕ್ಕೆ ಬಾಗಿಲು ತೆರೆಯುತ್ತದೆ. ಊರಿನ ಶಾಲೆಯನ್ನು ಮುಚ್ಚುವ ತೀರ್ಮಾನ ಊರಿನವರ ಕೈಯಿಂದ ದೊಡ್ಡ ಮಂಡಳಿಯ ಕೈಗೆ ಹೋಗುತ್ತದೆ. ಆ ಮಂಡಳಿಯಲ್ಲಿ ಸಣ್ಣ ಊರಿಗೆ ಒಂದೋ ಎರಡೋ ಸ್ಥಾನ. ವಿಲೀನದ ವಿರುದ್ಧ ಎದ್ದ ಬಹುಪಾಲು ಹೋರಾಟಗಳ ಬೇರು ಈ ಭಯದಲ್ಲಿದೆ.

ರಾಜ್ಯಕ್ಕೆ ಈ ಅಧಿಕಾರ ಬಂದ ಬಗೆ

ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣದ ಉಲ್ಲೇಖವೇ ಇಲ್ಲ. ಒಕ್ಕೂಟಕ್ಕೆ ವಹಿಸದ ಅಧಿಕಾರಗಳು ರಾಜ್ಯಗಳಿಗೆ ಉಳಿಯುತ್ತವೆಂಬ ಹತ್ತನೆಯ ತಿದ್ದುಪಡಿಯಂತೆ ಶಿಕ್ಷಣ ರಾಜ್ಯಗಳ ಹೊಣೆ. 1973ರಲ್ಲಿ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೋ ಜಿಲ್ಲೆಗೆ ಸಂಬಂಧಿಸಿದ ರಾಡ್ರಿಗಸ್ ಮೊಕದ್ದಮೆಯಲ್ಲಿ, ಶಿಕ್ಷಣವು ಒಕ್ಕೂಟದ ಸಂವಿಧಾನ ರಕ್ಷಿಸುವ ಮೂಲಭೂತ ಹಕ್ಕಲ್ಲವೆಂದು ಸುಪ್ರೀಂ ಕೋರ್ಟು ಹೇಳಿತು. ಅಲ್ಲಿಂದೀಚೆಗೆ ಸಮಾನತೆಯ ಹೋರಾಟ ರಾಜ್ಯಗಳ ನ್ಯಾಯಾಲಯಗಳಿಗೂ ಶಾಸನಸಭೆಗಳಿಗೂ ವರ್ಗವಾಯಿತು.

ಸ್ಥಳೀಯ ಸರ್ಕಾರಗಳ ಸ್ಥಾನವನ್ನು 1907ರ ಹಂಟರ್ ಮತ್ತು ಪಿಟ್ಸ್‌ಬರ್ಗ್ ನಡುವಣ ತೀರ್ಪು ಸ್ಪಷ್ಟಪಡಿಸಿತ್ತು. ಅಲೆಗೆನಿ ನಗರವನ್ನು ಅದರ ನಿವಾಸಿಗಳ ಇಚ್ಛೆಗೆ ವಿರುದ್ಧವಾಗಿ ಪಿಟ್ಸ್‌ಬರ್ಗಿಗೆ ಸೇರಿಸಿದ್ದು ಆ ಮೊಕದ್ದಮೆಯ ವಿಷಯ. ಸ್ಥಳೀಯ ಸಂಸ್ಥೆಗಳು ರಾಜ್ಯದ ಸೃಷ್ಟಿ. ಅವುಗಳನ್ನು ಹಿಗ್ಗಿಸುವ, ಕುಗ್ಗಿಸುವ, ಕೂಡಿಸುವ, ಇಲ್ಲವಾಗಿಸುವ ಅಧಿಕಾರ ರಾಜ್ಯಕ್ಕಿದೆ ಎಂಬುದು ಆ ತೀರ್ಪಿನ ಸಾರ. ಊರಿನವರು ತಮ್ಮದೆಂದು ನಂಬಿದ ಶಾಲಾ ಜಿಲ್ಲೆ ಕಾನೂನಿನ ದೃಷ್ಟಿಯಲ್ಲಿ ರಾಜ್ಯವು ಕೊಟ್ಟ, ರಾಜ್ಯವೇ ಹಿಂತೆಗೆದುಕೊಳ್ಳಬಹುದಾದ ಅಧಿಕಾರ. ಈ ಎರಡು ನಂಬಿಕೆಗಳ ನಡುವಿನ ತಿಕ್ಕಾಟವೇ ವಿಲೀನದ ಇತಿಹಾಸ.

ಲಕ್ಷದಿಂದ ಹದಿಮೂರು ಸಾವಿರಕ್ಕೆ

ಹತ್ತೊಂಬತ್ತನೆಯ ಶತಮಾನದ ಗ್ರಾಮೀಣ ಅಮೆರಿಕದಲ್ಲಿ ಒಂದು ಕೋಣೆ, ಒಬ್ಬ ಶಿಕ್ಷಕಿ, ಎಲ್ಲ ವಯಸ್ಸಿನ ಮಕ್ಕಳು, ಇಷ್ಟೇ ಒಂದು ಶಾಲೆ. ಅನೇಕ ಕಡೆ ಆ ಒಂದು ಶಾಲೆಯೇ ಒಂದು ಜಿಲ್ಲೆ. ಮಗು ನಡೆದು ಬರಬಹುದಾದ ದೂರವೇ ಅದರ ಅಳತೆ. 1917-18ರಲ್ಲಿ ದೇಶದಲ್ಲಿ ಏಕೋಪಾಧ್ಯಾಯ ಶಾಲೆಗಳ ಸಂಖ್ಯೆ 1,96,000ದಷ್ಟಿತ್ತು. 1931-32ರಲ್ಲಿ ಶಾಲಾ ಜಿಲ್ಲೆಗಳು 1,27,531. ಈ ಸಂಖ್ಯೆ 1949-50ರಲ್ಲಿ ಸುಮಾರು 84,000ಕ್ಕೂ, 1959-60ರಲ್ಲಿ ಸುಮಾರು 40,500ಕ್ಕೂ, 1970-71ರಲ್ಲಿ ಸುಮಾರು 18,000ಕ್ಕೂ ಇಳಿಯಿತು. ಇಂದು 13,000ದ ಆಸುಪಾಸಿನಲ್ಲಿದೆ. ನಾಲ್ಕು ದಶಕಗಳಲ್ಲಿ ಲಕ್ಷಕ್ಕೂ ಹೆಚ್ಚು ಸ್ಥಳೀಯ ಸರ್ಕಾರಗಳು ಇಲ್ಲವಾದವು.

ಆರಂಭ ಮೃದುವಾಗಿತ್ತು. 1869ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಮಕ್ಕಳನ್ನು ಶಾಲೆಗೆ ಸಾಗಿಸಲು ಸಾರ್ವಜನಿಕ ಹಣ ಬಳಸಲು ಅನುಮತಿ ನೀಡಿತು. ಕುದುರೆ ಗಾಡಿಯೊಂದು ಬಂದರೆ ಎರಡು ಸಣ್ಣ ಶಾಲೆಗಳ ಬದಲು ಒಂದು ದೊಡ್ಡ ಶಾಲೆ ಸಾಧ್ಯವೆಂಬುದು ಅದರ ಹಿಂದಿನ ತರ್ಕ. 1882ರಲ್ಲಿ ಅದೇ ರಾಜ್ಯ ಊರಿನೊಳಗಿನ ಚಿಕ್ಕ ಜಿಲ್ಲೆಗಳನ್ನು ರದ್ದುಮಾಡಿ ಇಡೀ ಊರನ್ನೇ ಘಟಕವಾಗಿಸಿತು. 1908ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ನೇಮಿಸಿದ ಗ್ರಾಮಜೀವನ ಆಯೋಗವು ಹಳ್ಳಿಗಳ ಹಿನ್ನಡೆಯ ಕಾರಣಗಳಲ್ಲಿ ಶಾಲೆಯನ್ನೂ ಸೇರಿಸಿತು. ಸ್ಟ್ಯಾನ್‌ಫರ್ಡಿನ ಎಲ್ವುಡ್ ಕಬರ್ಲಿಯಂತಹ ಶಿಕ್ಷಣತಜ್ಞರು ಕಾರ್ಖಾನೆ, ಕಂಪನಿಗಳ ಆಡಳಿತ ಪದ್ಧತಿಯೇ ಶಾಲೆಗೂ ಮಾದರಿಯೆಂದು ವಾದಿಸಿದರು. ಮೋಟಾರು ಬಸ್ಸು ಮತ್ತು ಡಾಂಬರು ರಸ್ತೆ ಆ ವಾದವನ್ನು ಕಾರ್ಯರೂಪಕ್ಕೆ ತಂದವು.

ಎರಡನೆಯ ಮಹಾಯುದ್ಧದ ನಂತರ ವೇಗ ಹೆಚ್ಚಿತು. 1959ರಲ್ಲಿ ಹಾರ್ವರ್ಡಿನ ಮಾಜಿ ಅಧ್ಯಕ್ಷ ಜೇಮ್ಸ್ ಬ್ರಯಂಟ್ ಕೊನಾಂಟ್ ಪ್ರಕಟಿಸಿದ ಹೈಸ್ಕೂಲುಗಳ ಅಧ್ಯಯನವು, ಕೊನೆಯ ತರಗತಿಯಲ್ಲಿ ಕನಿಷ್ಠ 100 ಮಕ್ಕಳಿಲ್ಲದ ಹೈಸ್ಕೂಲು ವಿಜ್ಞಾನ, ಗಣಿತ, ವಿದೇಶಿ ಭಾಷೆಗಳನ್ನು ಸಮರ್ಪಕವಾಗಿ ಕಲಿಸಲಾರದೆಂದಿತು. ರಷ್ಯಾದ ಸ್ಪುಟ್ನಿಕ್ ಹಾರಿದ ಎರಡೇ ವರ್ಷಗಳಲ್ಲಿ ಬಂದ ಈ ಮಾತಿಗೆ ಶಾಸನಸಭೆಗಳಲ್ಲಿ ತೂಕ ಸಿಕ್ಕಿತು. 1963ರಲ್ಲಿ ಕ್ಯಾನ್ಸಸ್ ಮತ್ತು ಪೆನ್ಸಿಲ್ವೇನಿಯ ಎರಡೂ ರಾಜ್ಯಗಳು ಪುನರ್ರಚನೆಯ ಶಾಸನಗಳನ್ನು ಮಾಡಿದವು. ಕ್ಯಾನ್ಸಸ್ಸಿನಲ್ಲಿ ಕೆಲವೇ ವರ್ಷಗಳಲ್ಲಿ ಜಿಲ್ಲೆಗಳು ಮುನ್ನೂರರ ಆಸುಪಾಸಿಗೆ ಇಳಿದವು; ಪೆನ್ಸಿಲ್ವೇನಿಯದಲ್ಲಿ ಎರಡು ಸಾವಿರಕ್ಕೂ ಹೆಚ್ಚಿದ್ದುದು ಐನೂರರ ಆಸುಪಾಸಿಗೆ ಬಂತು.

ಶಾಸನಗಳ ನಾಲ್ಕು ಬಗೆ

ರಾಜ್ಯಗಳು ಬಳಸಿದ ಸಾಧನಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಅನುಮತಿ. ಬಯಸಿದ ಜಿಲ್ಲೆಗಳು ಕೂಡಿಕೊಳ್ಳಬಹುದೆಂದು ದಾರಿ ತೋರಿಸುವ ಶಾಸನ. ಪೆನ್ಸಿಲ್ವೇನಿಯದಲ್ಲಿ 2009ರಲ್ಲಿ ಸೆಂಟರ್ ಏರಿಯಾ ಮತ್ತು ಮೊನಾಕ ಜಿಲ್ಲೆಗಳು ತಾವಾಗಿಯೇ ಕೂಡಿ ಸೆಂಟ್ರಲ್ ವ್ಯಾಲಿ ಎಂಬ ಜಿಲ್ಲೆಯಾದವು. ರಾಜ್ಯದ ಜಿಲ್ಲೆಗಳ ಸಂಖ್ಯೆ 501ರಿಂದ 500ಕ್ಕೆ ಇಳಿಯಿತು. ಬರಿಯ ಅನುಮತಿಯಿಂದ ಆಗುವ ಬದಲಾವಣೆಯ ವೇಗ ಎಷ್ಟೆಂಬುದಕ್ಕೆ ಇದು ಉದಾಹರಣೆ.

ಎರಡನೆಯದು ಪ್ರೋತ್ಸಾಹ. ನ್ಯೂಯಾರ್ಕ್ ರಾಜ್ಯ 1925ರ ಕೇಂದ್ರೀಯ ಗ್ರಾಮೀಣ ಶಾಲಾ ಶಾಸನದ ಮೂಲಕ ಕೂಡಿಕೊಂಡ ಜಿಲ್ಲೆಗಳಿಗೆ ಕಟ್ಟಡ ಮತ್ತು ಸಾರಿಗೆಗಾಗಿ ಹೆಚ್ಚಿನ ನೆರವು ಕೊಟ್ಟಿತು. ಇಂದಿಗೂ ಅಲ್ಲಿ ಪುನರ್ರಚನೆಗೆ ಹಲವು ವರ್ಷಗಳ ಹೆಚ್ಚುವರಿ ಸಹಾಯಧನವಿದೆ. ಆದರೆ ವಿಲೀನಕ್ಕೆ ಮೊದಲು ಜನರ ಒಲವನ್ನು ತಿಳಿಯುವ ಸಲಹಾ ಮತದಾನ, ಅನಂತರ ಬದ್ಧ ಮತದಾನ ನಡೆದು, ಸೇರಲಿರುವ ಪ್ರತಿಯೊಂದು ಜಿಲ್ಲೆಯಲ್ಲೂ ಬೇರೆಬೇರೆಯಾಗಿ ಬಹುಮತ ಸಿಗಬೇಕು. ಒಂದು ಊರು ಒಲ್ಲೆನೆಂದರೆ ಅಲ್ಲಿಗೆ ಮುಗಿಯಿತು.

ಮೂರನೆಯದು ಮಿತಿ ಮತ್ತು ದಂಡ. ಇಷ್ಟು ಮಕ್ಕಳಿಗಿಂತ ಕಡಿಮೆಯಿರುವ ಜಿಲ್ಲೆ ವಿಲೀನವಾಗಲೇಬೇಕು, ಇಲ್ಲವೇ ರಾಜ್ಯದ ನೆರವು ಕಡಿತವಾಗುತ್ತದೆಂದು ಹೇಳುವ ಶಾಸನ. ಅರ್ಕಾನ್ಸಾ, ಮೇನ್ ರಾಜ್ಯಗಳದು ಈ ಮಾರ್ಗ.

ನಾಲ್ಕನೆಯದು ಪುನರ್ರಚನೆ. ರಾಜ್ಯವೇ ನಕ್ಷೆಯನ್ನು ಹೊಸದಾಗಿ ಬರೆಯುವುದು. 1933ರಲ್ಲಿ ಆರ್ಥಿಕ ಕುಸಿತದ ನಡುವೆ ಪಶ್ಚಿಮ ವರ್ಜೀನಿಯ 398 ಜಿಲ್ಲೆಗಳನ್ನು ರದ್ದುಮಾಡಿ 55 ಕೌಂಟಿಗಳಿಗೆ 55 ಜಿಲ್ಲೆಗಳೆಂದು ಗೊತ್ತುಪಡಿಸಿತು. 1947ರಲ್ಲಿ ಫ್ಲಾರಿಡ 67 ಕೌಂಟಿಗಳಿಗೆ 67 ಜಿಲ್ಲೆಗಳೆಂದಿತು. ಹವಾಯಿಯಲ್ಲಂತೂ ಇಡೀ ರಾಜ್ಯವೇ ಒಂದು ಜಿಲ್ಲೆ. ಇದಕ್ಕೆ ತದ್ವಿರುದ್ಧವಾಗಿ, ವಿಸ್ತಾರದಲ್ಲಿ ಚಿಕ್ಕದಾದ ನ್ಯೂಜೆರ್ಸಿಯಲ್ಲಿ ಆರುನೂರರಷ್ಟು ಜಿಲ್ಲೆಗಳಿವೆ. ಅಲ್ಲಿ ಒಂದೂ ಶಾಲೆಯನ್ನು ನಡೆಸದೆ, ತಮ್ಮ ಮಕ್ಕಳನ್ನು ಶುಲ್ಕ ಕೊಟ್ಟು ನೆರೆಯ ಊರಿಗೆ ಕಳಿಸುವ ಜಿಲ್ಲೆಗಳೂ ಇದ್ದವು. ಅವನ್ನು ನೆರೆಯ ಜಿಲ್ಲೆಗಳಿಗೆ ಸೇರಿಸಲು 2009ರಲ್ಲಿ ಪ್ರತ್ಯೇಕ ಶಾಸನವೇ ಬೇಕಾಯಿತು.

ಅರ್ಕಾನ್ಸಾ: 350ರ ಗೆರೆ

ಮಿಸಿಸಿಪಿ ನದಿಯ ಬಯಲಿನಲ್ಲಿರುವ ಲೇಕ್ ವ್ಯೂ ಒಂದು ಪುಟ್ಟ ಊರು. 1930ರ ದಶಕದಲ್ಲಿ ಒಕ್ಕೂಟ ಸರ್ಕಾರ ಕಪ್ಪು ರೈತರಿಗೆ ಜಮೀನು ಕೊಟ್ಟು ನೆಲೆಗೊಳಿಸಿದ ಯೋಜನೆಯಿಂದ ಹುಟ್ಟಿದ್ದು. 1992ರಲ್ಲಿ ಅಲ್ಲಿನ ಬಡ ಶಾಲಾ ಜಿಲ್ಲೆ ರಾಜ್ಯದ ಮೇಲೆ ದಾವೆ ಹೂಡಿತು. ಆಸ್ತಿ ತೆರಿಗೆಯನ್ನು ನೆಚ್ಚಿದ ಹಣಕಾಸಿನ ವ್ಯವಸ್ಥೆ ಬಡ ಊರುಗಳ ಮಕ್ಕಳಿಗೆ ಸಮಾನ ಶಿಕ್ಷಣ ನೀಡುತ್ತಿಲ್ಲವೆಂಬುದು ಅದರ ವಾದ. ಹತ್ತು ವರ್ಷಗಳ ಬಳಿಕ, 2002ರ ನವೆಂಬರಿನಲ್ಲಿ, ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ಎತ್ತಿಹಿಡಿದು ಇಡೀ ವ್ಯವಸ್ಥೆ ಅಸಾಂವಿಧಾನಿಕವೆಂದು ಸಾರಿತು.

ತೀರ್ಪಿಗೆ ಉತ್ತರವಾಗಿ ಗವರ್ನರ್ ಮೈಕ್ ಹಕಬಿ 1,500 ಮಕ್ಕಳಿಗಿಂತ ಚಿಕ್ಕದಾದ ಜಿಲ್ಲೆಗಳನ್ನು ಕೂಡಿಸಬೇಕೆಂದರು. ಶಾಸನಸಭೆ ಆ ಮಿತಿಯನ್ನು 350ಕ್ಕೆ ಇಳಿಸಿ, ಸತತ ಎರಡು ವರ್ಷ ಅದಕ್ಕಿಂತ ಕಡಿಮೆ ಮಕ್ಕಳಿದ್ದ ಜಿಲ್ಲೆ ಅಸ್ತಿತ್ವ ಕಳೆದುಕೊಳ್ಳಬೇಕೆಂದು ವಿಧಿಸಿತು. ಇದು 2004ರ 60ನೆಯ ಶಾಸನ. ಇಷ್ಟು ಚಿಕ್ಕ ಮಿತಿ ಸಾಲದೆಂದು ಗವರ್ನರ್ ಸಹಿ ಹಾಕಲಿಲ್ಲ. ಸಹಿಯಿಲ್ಲದೆಯೇ ಅದು ಜಾರಿಗೆ ಬಂತು. ಮುನ್ನೂರಕ್ಕೂ ಹೆಚ್ಚಿದ್ದ ಜಿಲ್ಲೆಗಳಲ್ಲಿ ಹತ್ತಾರು ಜಿಲ್ಲೆಗಳು ಒಂದೇ ಬೇಸಿಗೆಯಲ್ಲಿ ಕಣ್ಮರೆಯಾದವು.

ಹಾಗೆ ಕಣ್ಮರೆಯಾದವುಗಳಲ್ಲಿ ಲೇಕ್ ವ್ಯೂ ಸಹ ಒಂದು. ರಾಜ್ಯದ ಎಲ್ಲ ಬಡ ಮಕ್ಕಳ ಪರವಾಗಿ ಗೆದ್ದ ಜಿಲ್ಲೆ, ಆ ಗೆಲುವಿನಿಂದ ಹುಟ್ಟಿದ ಶಾಸನದ ಕೆಳಗೆ ನೆರೆಯ ಬಾರ್ಟನ್-ಲೆಕ್ಸಾ ಜಿಲ್ಲೆಗೆ ಸೇರಿಹೋಯಿತು. ವಿಲೀನದ ಶಾಸನಗಳ ಒಳಗಿನ ವಿರೋಧಾಭಾಸವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ವಿರಳ. ತಮಗೆ ಸಲ್ಲಬೇಕಾದ ಹಣವನ್ನು ಆ ಊರಿನವರು ಕೇಳಿದ್ದರು; ರಾಜ್ಯ ಹಣವನ್ನೂ ಹೆಚ್ಚಿಸಿತು, ಆದರೆ ಅದನ್ನು ಹೇಗೆ ವ್ಯಯಿಸಬೇಕೆಂದು ತೀರ್ಮಾನಿಸುವ ಮಂಡಳಿಯನ್ನು ಅವರಿಂದ ತೆಗೆದುಕೊಂಡಿತು. 2015ರಲ್ಲಿ ಅರ್ಕಾನ್ಸಾ ಈ ಶಾಸನವನ್ನು ಸಡಿಲಿಸಿ, ಶಿಕ್ಷಣ ಮತ್ತು ಹಣಕಾಸಿನಲ್ಲಿ ಸುಸ್ಥಿತಿಯಲ್ಲಿರುವ ಚಿಕ್ಕ ಜಿಲ್ಲೆಗಳಿಗೆ ವಿನಾಯಿತಿ ಪಡೆಯುವ ಅವಕಾಶ ಕಲ್ಪಿಸಿತು.

ಮೇನ್ ಮತ್ತು ನೆಬ್ರಾಸ್ಕ: ಮತಪೆಟ್ಟಿಗೆಯ ಉತ್ತರ

ಮೇನ್ ರಾಜ್ಯದಲ್ಲಿ 2007ರಲ್ಲಿ ಗವರ್ನರ್ ಜಾನ್ ಬಾಲ್ಡಾಚಿ 290 ಶಾಲಾ ಆಡಳಿತ ಘಟಕಗಳನ್ನು 26 ಪ್ರಾದೇಶಿಕ ಜಿಲ್ಲೆಗಳಾಗಿಸುವ ಯೋಜನೆ ಮುಂದಿಟ್ಟರು. ಶಾಸನಸಭೆ ಅದನ್ನು ಮಾರ್ಪಡಿಸಿ, 80 ಘಟಕಗಳ ಗುರಿಯನ್ನೂ, ಸಾಮಾನ್ಯವಾಗಿ 2,500 ಮಕ್ಕಳ ಮಿತಿಯನ್ನೂ ಇಟ್ಟು, ಆಯವ್ಯಯದ ಭಾಗವಾಗಿಯೇ ಅಂಗೀಕರಿಸಿತು. ವಿರಳ ಜನವಸತಿಯ ಭಾಗಗಳಿಗೆ ಮಿತಿ 1,200ಕ್ಕೆ ಇಳಿಯಿತು. ಸೇರದ ಊರುಗಳಿಗೆ ರಾಜ್ಯದ ನೆರವಿನಲ್ಲಿ ಕಡಿತದ ದಂಡವಿತ್ತು. ಹಲವು ಊರುಗಳು ದಂಡ ತೆತ್ತಾದರೂ ಹೊರಗುಳಿದವು. ಶಾಸನವನ್ನು ರದ್ದುಪಡಿಸುವ ಪ್ರಸ್ತಾಪ 2009ರ ನವೆಂಬರಿನಲ್ಲಿ ಜನರ ಮುಂದೆ ಬಂದಾಗ ಅದು ಸೋತಿತು, ಶಾಸನ ಉಳಿಯಿತು. ಆದರೂ ಅನಂತರದ ವರ್ಷಗಳಲ್ಲಿ ಕೂಡಿದ್ದ ಅನೇಕ ಊರುಗಳು ಮತ ಹಾಕಿ ಹೊರಬಂದು ತಮ್ಮ ಮಂಡಳಿಗಳನ್ನು ಮರಳಿ ಕಟ್ಟಿಕೊಂಡವು. 80ರ ಗುರಿ ಕೈಗೂಡಲಿಲ್ಲ.

ನೆಬ್ರಾಸ್ಕದ ಕಥೆ ಇದಕ್ಕೆ ವಿರುದ್ಧ. ಪ್ರಾಥಮಿಕ ಶಾಲೆಗಳನ್ನಷ್ಟೇ ನಡೆಸುತ್ತಿದ್ದ 'ಒಂದನೆಯ ವರ್ಗ'ದ ಗ್ರಾಮೀಣ ಜಿಲ್ಲೆಗಳನ್ನು ದೊಡ್ಡ ಜಿಲ್ಲೆಗಳಿಗೆ ಸೇರಿಸುವ ಶಾಸನ 2005ರಲ್ಲಿ ಗವರ್ನರ್ ನಿರಾಕರಣೆಯನ್ನೂ ಮೀರಿ ಅಂಗೀಕಾರವಾಯಿತು. 2006ರ ನವೆಂಬರಿನಲ್ಲಿ ಮತದಾರರು ಅದನ್ನು ರದ್ದುಮಾಡಿದರು. ಆದರೆ ಅದಕ್ಕೆ ಕೆಲವು ತಿಂಗಳ ಮೊದಲೇ, ಆ ವರ್ಷದ ಬೇಸಿಗೆಯಲ್ಲಿ, ಜಿಲ್ಲೆಗಳು ವಿಸರ್ಜನೆಯಾಗಿದ್ದವು. ಜನರು ಮತದಲ್ಲಿ ಗೆದ್ದರು. ಗೆಲ್ಲುವ ಹೊತ್ತಿಗೆ ಉಳಿಸಿಕೊಳ್ಳಬೇಕಾದುದು ಇರಲಿಲ್ಲ. ಶಾಸನ ಜಾರಿಯಾಗುವ ದಿನಾಂಕ ಮತ್ತು ಜನಮತದ ದಿನಾಂಕ ಇವೆರಡರಲ್ಲಿ ಯಾವುದು ಮೊದಲು ಎಂಬುದು ಎಷ್ಟು ಮುಖ್ಯವೆಂಬುದನ್ನು ನೆಬ್ರಾಸ್ಕ ಕಲಿಸುತ್ತದೆ.

ವರ್ಮಾಂಟ್: ಮುಗಿಯದ ಅಧ್ಯಾಯ

ಈ ವಿಷಯದಲ್ಲಿ ಇಂದು ದೇಶದ ಗಮನ ಸೆಳೆದಿರುವುದು ವರ್ಮಾಂಟ್. ಪ್ರತಿ ಮಾರ್ಚಿನ ಮೊದಲ ಮಂಗಳವಾರ ಊರಿನವರು ಸಭೆ ಸೇರಿ ಆಯವ್ಯಯವನ್ನು ತೀರ್ಮಾನಿಸುವ ಪುರಾತನ ಪದ್ಧತಿ ಇನ್ನೂ ಜೀವಂತವಾಗಿರುವ ರಾಜ್ಯ ಅದು. 1997ರ ಬ್ರಿಗಮ್ ತೀರ್ಪಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಮಗುವಿನ ಶಿಕ್ಷಣ ಊರಿನ ಆಸ್ತಿಯ ಬೆಲೆಯನ್ನು ಅವಲಂಬಿಸಬಾರದೆಂದಿತು. ಅದೇ ವರ್ಷದ 60ನೆಯ ಶಾಸನ ಶಾಲಾ ತೆರಿಗೆಯನ್ನು ರಾಜ್ಯಮಟ್ಟದಲ್ಲಿ ಹಂಚುವ ವ್ಯವಸ್ಥೆ ತಂದಿತು. ಪರಿಣಾಮವಾಗಿ ಒಂದು ಊರಿನ ಖರ್ಚು ಇಡೀ ರಾಜ್ಯದ ತೆರಿಗೆದಾರರ ಕಾಳಜಿಯಾಯಿತು. ಮಕ್ಕಳ ಸಂಖ್ಯೆ ಇಳಿಯುತ್ತ ಹೋದಂತೆ ಚಿಕ್ಕ ಜಿಲ್ಲೆಗಳ ಮೇಲೆ ಕಣ್ಣು ಬಿತ್ತು.

2015ರಲ್ಲಿ ಗವರ್ನರ್ ಪೀಟರ್ ಶಮ್ಲಿನ್ ಸಹಿ ಹಾಕಿದ 46ನೆಯ ಶಾಸನವು ಕನಿಷ್ಠ 900 ಮಕ್ಕಳಿರುವ, ಶಿಶುವಿಹಾರದಿಂದ ಹನ್ನೆರಡನೆಯ ತರಗತಿಯವರೆಗೂ ಹೊಣೆ ಹೊತ್ತ ಏಕೀಕೃತ ಜಿಲ್ಲೆಯನ್ನು ಆದರ್ಶವೆಂದು ಮುಂದಿಟ್ಟಿತು. ಬೇಗ ಕೂಡಿಕೊಂಡವರಿಗೆ ತೆರಿಗೆ ದರದಲ್ಲಿ ಕೆಲವು ವರ್ಷಗಳ ರಿಯಾಯಿತಿ ದೊರೆಯುತ್ತಿತ್ತು. ಕೂಡದವರ ಬಗ್ಗೆ ಕೊನೆಗೆ ರಾಜ್ಯ ಶಿಕ್ಷಣ ಮಂಡಳಿ ತೀರ್ಮಾನಿಸುತ್ತಿತ್ತು. 2018ರ ನವೆಂಬರಿನಲ್ಲಿ ಮಂಡಳಿ ಉಳಿದ ಹಲವು ಜಿಲ್ಲೆಗಳನ್ನು ಅವುಗಳ ಇಚ್ಛೆಗೆ ವಿರುದ್ಧವಾಗಿ ಕೂಡಿಸಿತು. ಮೂವತ್ತಕ್ಕೂ ಹೆಚ್ಚು ಜಿಲ್ಲೆಗಳು ನ್ಯಾಯಾಲಯಕ್ಕೆ ಹೋದವು. 2020ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಶಾಸನದ ಪರವಾಗಿ ತೀರ್ಪಿತ್ತಿತು.

2024ರ ಮಾರ್ಚಿನಲ್ಲಿ ಆಸ್ತಿ ತೆರಿಗೆಯ ತೀವ್ರ ಏರಿಕೆಯಿಂದ ಬೇಸತ್ತ ಮತದಾರರು ಸುಮಾರು ಮೂರನೆಯ ಒಂದು ಭಾಗದಷ್ಟು ಶಾಲಾ ಆಯವ್ಯಯಗಳನ್ನು ತಿರಸ್ಕರಿಸಿದರು. ಅದರ ಫಲ 2025ರ 73ನೆಯ ಶಾಸನ. ಗವರ್ನರ್ ಫಿಲ್ ಸ್ಕಾಟ್ ಜುಲೈ 1ರಂದು ಸಹಿ ಹಾಕಿದ ಈ ಶಾಸನ, ಸಾಧ್ಯವಾದಷ್ಟು ಮಟ್ಟಿಗೆ 4,000ದಿಂದ 8,000 ಮಕ್ಕಳಿರುವ ಜಿಲ್ಲೆಗಳ ಗುರಿಯಿಟ್ಟಿದೆ. ಹತ್ತು ವರ್ಷಗಳಲ್ಲಿ ಆದರ್ಶದ ಅಳತೆ 900ರಿಂದ ಹಲವು ಪಟ್ಟು ಬೆಳೆದುದು ಗಮನಾರ್ಹ. ಆಗ ಅಲ್ಲಿದ್ದುದು 119 ಜಿಲ್ಲೆಗಳು. ಹೊಸ ನಕ್ಷೆಗಳನ್ನು ಸೂಚಿಸಲು ನೇಮಕವಾದ ಕಾರ್ಯಪಡೆಯು 2025ರ ನವೆಂಬರಿನಲ್ಲಿ ಬಲವಂತದ ನಕ್ಷೆಗಳ ಬದಲು ಸ್ವಯಂಪ್ರೇರಿತ ವಿಲೀನವನ್ನೂ, ವಿಶೇಷ ಶಿಕ್ಷಣ, ಸಾರಿಗೆ ಮುಂತಾದ ಸೇವೆಗಳನ್ನು ಜಿಲ್ಲೆಗಳು ಹಂಚಿಕೊಳ್ಳುವ ಸಹಕಾರಿ ಪ್ರದೇಶಗಳನ್ನೂ ಶಿಫಾರಸು ಮಾಡಿತು. ಗೆರೆ ಎಳೆಯುವ ಕೆಲಸ ಎಷ್ಟು ಕಷ್ಟವೆಂಬುದನ್ನು ಆ ಶಿಫಾರಸೇ ಹೇಳುತ್ತದೆ.

ಹಣ ಉಳಿಯುತ್ತದೆಯೇ?

ಪ್ರತಿಯೊಂದು ಶಾಸನದ ಪೀಠಿಕೆಯಲ್ಲೂ ಉಳಿತಾಯದ ಮಾತಿದೆ. ಸಿರಾಕ್ಯೂಸ್ ವಿಶ್ವವಿದ್ಯಾನಿಲಯದ ವಿಲಿಯಂ ಡಂಕಂಬ್ ಮತ್ತು ಜಾನ್ ಯಿಂಗರ್ 1985ರಿಂದ 1997ರ ನಡುವಿನ ನ್ಯೂಯಾರ್ಕಿನ ಗ್ರಾಮೀಣ ಜಿಲ್ಲೆಗಳನ್ನು ಅಭ್ಯಸಿಸಿ ಕಂಡುಕೊಂಡದ್ದು ಹೀಗಿದೆ: ತಲಾ 300 ಮಕ್ಕಳಿರುವ ಎರಡು ಜಿಲ್ಲೆಗಳು ಕೂಡಿದರೆ ದೈನಂದಿನ ವೆಚ್ಚ ಶೇಕಡಾ 20ಕ್ಕಿಂತ ಹೆಚ್ಚು ಇಳಿಯುತ್ತದೆ, ತಲಾ 1,500 ಮಕ್ಕಳಿರುವ ಜಿಲ್ಲೆಗಳು ಕೂಡಿದರೆ ಶೇಕಡಾ 7ರಿಂದ 9ರಷ್ಟು ಮಾತ್ರ. ವಿಲೀನದ ಬೆನ್ನಿಗೇ ಬರುವ ಹೊಸ ಕಟ್ಟಡಗಳ ವೆಚ್ಚ ಈ ಉಳಿತಾಯದ ಒಂದು ಪಾಲನ್ನು ನುಂಗುತ್ತದೆ. ಅಂದರೆ ತೀರ ಚಿಕ್ಕ ಜಿಲ್ಲೆಗಳಲ್ಲಿ ಉಳಿತಾಯ ನಿಜ. ಗಾತ್ರ ಬೆಳೆದಂತೆ ಅದು ಕರಗುತ್ತದೆ.

ಉಳಿತಾಯ ಕುಗ್ಗಲು ಇನ್ನೂ ಕಾರಣಗಳಿವೆ. ಶಾಲೆಯ ವೆಚ್ಚದಲ್ಲಿ ಸಿಂಹಪಾಲು ಶಿಕ್ಷಕರ ಮತ್ತು ಸಿಬ್ಬಂದಿಯ ವೇತನ. ಮೇಲಧಿಕಾರಿಗಳ ಪಾಲು ಸಣ್ಣದು. ಎರಡು ವೇತನಶ್ರೇಣಿಗಳು ಒಂದಾಗುವಾಗ ಕಡಿಮೆ ಪಡೆಯುವವರ ವೇತನ ಮೇಲೇರುತ್ತದೆಯೇ ಹೊರತು ಹೆಚ್ಚು ಪಡೆಯುವವರದು ಇಳಿಯುವುದಿಲ್ಲ. ಬಸ್ಸಿನ ದಾರಿ ಉದ್ದವಾಗುತ್ತದೆ. ಬೆಟ್ಟಗಳ ನಾಡಾದ ಪಶ್ಚಿಮ ವರ್ಜೀನಿಯದಲ್ಲಿ ಚಿಕ್ಕ ಮಕ್ಕಳ ದೀರ್ಘ ಬಸ್ ಪ್ರಯಾಣವೇ ಶಾಲಾ ವಿಲೀನದ ವಿರುದ್ಧದ ಬಲವಾದ ವಾದವಾಯಿತು.

ಹಣದಾಚೆಗಿನ ಲೆಕ್ಕವೂ ಇದೆ. ರೋಜರ್ ಬಾರ್ಕರ್ ಮತ್ತು ಪಾಲ್ ಗಂಪ್ 1964ರಲ್ಲಿ ಪ್ರಕಟಿಸಿದ ಕ್ಯಾನ್ಸಸ್ ಹೈಸ್ಕೂಲುಗಳ ಅಧ್ಯಯನದಲ್ಲಿ, ದೊಡ್ಡ ಶಾಲೆಯಲ್ಲಿ ಚಟುವಟಿಕೆಗಳ ವೈವಿಧ್ಯ ಹೆಚ್ಚಿದ್ದರೂ, ಅವುಗಳಲ್ಲಿ ಹೊಣೆ ಹೊತ್ತು ಪಾಲ್ಗೊಳ್ಳುವ ಅವಕಾಶ ಸಣ್ಣ ಶಾಲೆಯ ಮಗುವಿಗೇ ಅಧಿಕವೆಂದು ಕಂಡುಬಂತು. ಕಾರ್ನೆಲ್ಲಿನ ಥಾಮಸ್ ಲೈಸನ್ 2002ರಲ್ಲಿ ನ್ಯೂಯಾರ್ಕಿನ ಹಳ್ಳಿಗಳನ್ನು ಹೋಲಿಸಿ, ಶಾಲೆಯಿರುವ ಪುಟ್ಟ ಹಳ್ಳಿಗಳಲ್ಲಿ ಮನೆಗಳ ಬೆಲೆ ಶಾಲೆಯಿಲ್ಲದ ಹಳ್ಳಿಗಳಿಗಿಂತ ಹೆಚ್ಚಿರುವುದನ್ನು ತೋರಿಸಿದರು. ಇನ್ನೊಂದು ಕಡೆ, 40 ಮಕ್ಕಳ ಹೈಸ್ಕೂಲಿನಲ್ಲಿ ಭೌತಶಾಸ್ತ್ರಕ್ಕೊಬ್ಬ, ಸ್ಪ್ಯಾನಿಷ್ ಭಾಷೆಗೊಬ್ಬ ಶಿಕ್ಷಕರನ್ನು ಇಟ್ಟುಕೊಳ್ಳುವುದು ದುಸ್ತರವೆಂಬ ಕೊನಾಂಟರ ಮಾತನ್ನೂ ತಳ್ಳಿಹಾಕುವಂತಿಲ್ಲ. ವಿಲೀನ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಎಲ್ಲೆಡೆಗೂ ಸಲ್ಲುವ ಒಂದೇ ಉತ್ತರವಿಲ್ಲ. ಎಷ್ಟು ಚಿಕ್ಕದು, ಎಷ್ಟು ದೂರ ಎಂಬುದರ ಮೇಲೆ ಉತ್ತರ ನಿಂತಿದೆ.

ಗೆರೆಯೂ ವರ್ಣವೂ

ಶಾಲಾ ಜಿಲ್ಲೆಯ ಗಡಿಗೆ ಜನಾಂಗದ ಇತಿಹಾಸವೂ ಅಂಟಿಕೊಂಡಿದೆ. 1954ರ ಬ್ರೌನ್ ತೀರ್ಪಿನ ಬಳಿಕ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮತ್ತು ಬಿಳಿಯ ಶಾಲೆಗಳು ಒಂದಾದಾಗ ಸಾಮಾನ್ಯವಾಗಿ ಮುಚ್ಚಿದ್ದು ಕಪ್ಪು ಶಾಲೆಗಳೇ. ಸಾವಿರಾರು ಕಪ್ಪು ಶಿಕ್ಷಕರೂ ಮುಖ್ಯೋಪಾಧ್ಯಾಯರೂ ಕೆಲಸ ಕಳೆದುಕೊಂಡರು. 1974ರ ಮಿಲಿಕನ್ ಮತ್ತು ಬ್ರಾಡ್ಲಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಡೆಟ್ರಾಯಿಟ್ ನಗರದ ಶಾಲೆಗಳ ಪ್ರತ್ಯೇಕತೆಯನ್ನು ನಿವಾರಿಸಲು ಸುತ್ತಲಿನ 53 ಉಪನಗರ ಜಿಲ್ಲೆಗಳನ್ನು ಒಳಗೊಳ್ಳುವ ಯೋಜನೆಯನ್ನು ತಳ್ಳಿಹಾಕಿತು. ಆ ಜಿಲ್ಲೆಗಳು ತಪ್ಪು ಮಾಡಿದ್ದಕ್ಕೆ ಆಧಾರವಿಲ್ಲದೆ ಅವುಗಳ ಗಡಿ ದಾಟಲಾಗದು ಎಂಬುದು ಅದರ ಅಭಿಪ್ರಾಯ. ಗಡಿಯನ್ನು ಶಾಸನಸಭೆ ಮನಸ್ಸು ಮಾಡಿದರೆ ಅಳಿಸಬಹುದು. ನ್ಯಾಯಾಲಯ ಸುಲಭವಾಗಿ ದಾಟಲಾಗದು. ಇದರಿಂದ ಉಪನಗರದ ಗಡಿಗಳು ಗಟ್ಟಿಯಾದವು.

ಟೆನೆಸಿಯ ಮೆಂಫಿಸ್ ಇತ್ತೀಚಿನ ಉದಾಹರಣೆ. 2010ರ ಡಿಸೆಂಬರಿನಲ್ಲಿ ಬಹುಪಾಲು ಕಪ್ಪು ಮಕ್ಕಳಿದ್ದ ನಗರದ ಶಾಲಾ ಮಂಡಳಿ ತನ್ನ ಸನ್ನದನ್ನೇ ತ್ಯಜಿಸಲು ನಿರ್ಧರಿಸಿತು. 2011ರ ಮಾರ್ಚಿನಲ್ಲಿ ಮತದಾರರು ಒಪ್ಪಿದರು. ಇದರಿಂದ ಶೆಲ್ಬಿ ಕೌಂಟಿಯ ಶ್ರೀಮಂತ ಉಪನಗರಗಳೊಡನೆ ವಿಲೀನ ಅನಿವಾರ್ಯವಾಯಿತು. ಆದರೆ ಅಷ್ಟರಲ್ಲಿ ರಾಜ್ಯ ಶಾಸನಸಭೆ ವಿಲೀನವನ್ನು ಮುಂದೂಡಿ, ಬಳಿಕ ಉಪನಗರಗಳು ತಮ್ಮದೇ ಜಿಲ್ಲೆ ಕಟ್ಟಿಕೊಳ್ಳಲು ದಾರಿಮಾಡಿಕೊಡುವ ಶಾಸನ ಮಾಡಿತ್ತು. 2013ರಲ್ಲಿ ವಿಲೀನವಾಯಿತು, 2014ರಲ್ಲಿ ಜರ್ಮನ್‌ಟೌನ್, ಕಾಲಿಯರ್‌ವಿಲ್ ಸೇರಿ ಆರು ಉಪನಗರಗಳು ಹೊರನಡೆದವು. ಕೂಡಿಸಿದ ಮನೆ ಒಂದೇ ವರ್ಷದಲ್ಲಿ ಏಳು ಪಾಲಾಯಿತು.

ನಮ್ಮವರು ಗಮನಿಸಬೇಕಾದುದು

ವಿಲೀನದ ಮಸೂದೆ ತಮ್ಮ ರಾಜ್ಯದಲ್ಲಿ ಬಂದಾಗ ಓದುಗರು ಕೆಲವು ಅಂಶಗಳನ್ನು ಹುಡುಕಿ ನೋಡಬೇಕು. ಹೊಸ ಮಂಡಳಿಯಲ್ಲಿ ಊರುಗಳಿಗೆ ಸ್ಥಾನ ಹಂಚಿಕೆ ಹೇಗೆ? ಶಾಲೆ ಮುಚ್ಚಲು ಯಾರ ಒಪ್ಪಿಗೆ ಬೇಕು? ಹಳೆಯ ಜಿಲ್ಲೆಯ ಸಾಲವನ್ನು ಆ ಜಿಲ್ಲೆಯವರೇ ತೀರಿಸಬೇಕೋ, ಎಲ್ಲರೂ ಹೊರಬೇಕೋ? ತೆರಿಗೆ ದರಗಳು ಒಮ್ಮೆಗೇ ಒಂದಾಗುತ್ತವೆಯೋ, ಹಂತಹಂತವಾಗಿಯೋ? ಪ್ರೋತ್ಸಾಹಧನ ನಿಂತ ಮೇಲೆ ಲೆಕ್ಕ ಏನಾಗುತ್ತದೆ? ಒಮ್ಮೆ ಸೇರಿದವರಿಗೆ ಹೊರಬರುವ ದಾರಿ ಇದೆಯೇ? ಜನಮತವಿದ್ದರೆ ಪ್ರತಿ ಊರಿನಲ್ಲೂ ಬೇರೆ ಎಣಿಕೆಯೋ, ಒಟ್ಟು ಎಣಿಕೆಯೋ?

ಕನ್ನಡಿಗರಿಗೆ ಇನ್ನೊಂದು ನೇರ ಸಂಬಂಧವಿದೆ. ಕೆಲವು ಜಿಲ್ಲೆಗಳಲ್ಲಿ ವಾರಾಂತ್ಯದ ಕನ್ನಡ ಶಾಲೆಗಳ ಕಲಿಕೆಗೆ ವಿಶ್ವಭಾಷೆಯ ಅಂಕಮಾನ್ಯತೆ ಸಿಕ್ಕಿದೆ. ಅಂತಹ ಮನ್ನಣೆಯನ್ನು ಸಾಮಾನ್ಯವಾಗಿ ಆಯಾ ಜಿಲ್ಲೆಯ ಮಂಡಳಿಯೊಡನೆ ಮಾತಾಡಿ, ಅರ್ಜಿ ಸಲ್ಲಿಸಿ ಗಳಿಸಬೇಕಾಗುತ್ತದೆ. ಜಿಲ್ಲೆ ವಿಲೀನವಾದರೆ ಹಳೆಯ ಮಂಡಳಿಯ ನಿಯಮ ತಾನಾಗಿ ಮುಂದುವರಿಯುತ್ತದೆಂದು ನಂಬಿ ಕೂರಲಾಗದು. ಸಂಕ್ರಮಣದ ಕಾಲದಲ್ಲಿಯೇ ಹೊಸ ಮಂಡಳಿಯಿಂದ ಅದನ್ನು ದೃಢಪಡಿಸಿಕೊಳ್ಳುವುದು ಒಳಿತು.

ಬಹುತೇಕ ಕಡೆ ಶಾಲಾ ಚುನಾವಣೆಯಲ್ಲಿ ಮತ ಹಾಕಲು ಪೌರತ್ವ ಬೇಕು. ವೀಸಾ ಅಥವಾ ಗ್ರೀನ್ ಕಾರ್ಡಿನ ಮೇಲಿರುವವರು ಆಸ್ತಿ ತೆರಿಗೆ ತೆತ್ತರೂ, ಮಕ್ಕಳು ಅದೇ ಶಾಲೆಯಲ್ಲಿ ಓದುತ್ತಿದ್ದರೂ, ಜನಮತದಲ್ಲಿ ಭಾಗಿಗಳಲ್ಲ. ಆದರೆ ಮಂಡಳಿಯ ಬಹಿರಂಗ ಸಭೆಗಳಲ್ಲಿ, ಶಾಸನಸಭೆಯ ಸಮಿತಿಗಳ ಅಹವಾಲು ಕೂಟಗಳಲ್ಲಿ ಮಾತನಾಡಲು ಮತದಾರರಾಗಿರಬೇಕಾದ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ವಿಲೀನದ ಪ್ರಸ್ತಾಪಗಳ ಸ್ವರೂಪ ಬಹುಮಟ್ಟಿಗೆ ರೂಪುಗೊಳ್ಳುವುದು ಅಲ್ಲಿಯೇ, ಜನಮತಕ್ಕೂ ಎಷ್ಟೋ ತಿಂಗಳ ಮೊದಲು.

ಮನೆ ಕೊಳ್ಳುವಾಗ ನಾವು ಗಡಿಯನ್ನು ಕೊಳ್ಳುತ್ತೇವೆ. ಆ ಗಡಿ ಶಾಶ್ವತವೆಂದು ಭಾವಿಸುತ್ತೇವೆ. ಒಂದು ಶತಮಾನದ ಶಾಸನಗಳು ಹೇಳುವುದು ಬೇರೆಯೇ. ಗಡಿ ಅಳಿಸಬಹುದು, ಹಿಗ್ಗಬಹುದು, ಮೆಂಫಿಸಿನಂತೆ ಮತ್ತೆ ಮೂಡಬಹುದು. ಲೇಕ್ ವ್ಯೂ ಊರಿನವರ ಬೇಡಿಕೆಯಲ್ಲಿ ಎರಡು ಅಂಶಗಳಿದ್ದವು: ತಮ್ಮ ಮಕ್ಕಳಿಗೆ ನೆರೆಯ ಮಕ್ಕಳಷ್ಟೇ ಒಳ್ಳೆಯ ಶಾಲೆ, ಮತ್ತು ಆ ಶಾಲೆಯ ಬಗ್ಗೆ ತಮ್ಮದೊಂದು ಮಾತು. ಈ ಎರಡನ್ನೂ ಒಟ್ಟಿಗೆ ಕೊಡಬಲ್ಲ ಶಾಸನವೇ ಒಳ್ಳೆಯ ಶಾಸನ. ಒಂದಕ್ಕಾಗಿ ಇನ್ನೊಂದನ್ನು ಕಸಿಯುವ ಶಾಸನ ಎದುರಾದಾಗ, ಕಳೆದುಹೋಗುವುದು ಯಾವುದೆಂದು ಮೊದಲೇ ಕೇಳಿ ತಿಳಿಯುವುದು ಆ ಗಡಿಯೊಳಗಿನ ಎಲ್ಲ ನಿವಾಸಿಗಳ ಕರ್ತವ್ಯ.